ಕಟ್ಟಡ ಹೂಡಿಕೆ, ಶುಶ್ರೂಷಕಿಯ ಸಂಬಳ ಖರ್ಚು: ಈ ಲೆಕ್ಕ ಸರಿಯೇ?

ಪ್ರಶ್ನೆ ಕೇಳಿದವರು: ಕೊಪ್ಪಳದ ಪಂಚಾಯಿತಿ ಸದಸ್ಯ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ಪದವಿ ತರಗತಿಯಲ್ಲಿ ಅರ್ಥಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ್ದನ್ನು ಬಿಟ್ಟರೆ ಆ ಶಾಸ್ತ್ರದ ಪರಿಚಯ ನನಗಿಲ್ಲ. ಕಳೆದ ಗ್ರಾಮಸಭೆಯಲ್ಲಿ ನಡೆದ ಒಂದು ಮಾತುಕತೆ ನನ್ನನ್ನು ಇಂದಿಗೂ ಕಾಡುತ್ತಿರುವುದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ.

ನಮ್ಮ ಊರಿಗೆ ಕಳೆದ ಮೂರು ವರ್ಷಗಳಲ್ಲಿ ಆರೋಗ್ಯ ಉಪಕೇಂದ್ರದ ಹೊಸ ಕಟ್ಟಡ, ಶಾಲೆಗೆ ಎರಡು ಕೊಠಡಿ ಮತ್ತು ಊರೊಳಗೆ ಸಿಮೆಂಟ್ ರಸ್ತೆ ಬಂದಿವೆ. ಆದರೆ ಉಪಕೇಂದ್ರದ ಶುಶ್ರೂಷಕಿಯ ಹುದ್ದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಖಾಲಿಯಿದ್ದು, ಪಕ್ಕದ ಊರಿನವರೊಬ್ಬರು ವಾರಕ್ಕೆ ಎರಡು ದಿನ ಬಂದು ಹೋಗುತ್ತಾರೆ; ಉಳಿದ ದಿನ ಬಾಗಿಲಿಗೆ ಬೀಗ. ಶಾಲೆಯಲ್ಲಿ ಕಾಯಂ ಶಿಕ್ಷಕರಿಗಿಂತ ಅತಿಥಿ ಶಿಕ್ಷಕರೇ ಹೆಚ್ಚು, ಅವರ ನೇಮಕವೂ ಶಾಲೆ ತೆರೆದು ಎಷ್ಟೋ ದಿನಗಳಾದ ಮೇಲೆ ಆಗುತ್ತದೆ. ಆದ್ದರಿಂದ ಮತ್ತೊಂದು ಕಟ್ಟಡವನ್ನು ಕೇಳುವ ಬದಲು ಸಿಬ್ಬಂದಿಯನ್ನು ಕೇಳಿ ಠರಾವು ಮಾಡೋಣ ಎಂದು ನಾನು ಸಭೆಯಲ್ಲಿ ಹೇಳಿದೆ. ಅಲ್ಲಿದ್ದ ಅಧಿಕಾರಿಯೊಬ್ಬರು, "ಸಂಬಳವೆಂಬುದು ಖರ್ಚು, ತಿಂಗಳು ಮುಗಿದರೆ ಅದೂ ಮುಗಿಯಿತು, ಕಟ್ಟಡವೆಂಬುದು ಹೂಡಿಕೆ, ಐವತ್ತು ವರ್ಷ ನಿಲ್ಲುತ್ತದೆ" ಎಂದರು. ಸಭೆಯಲ್ಲಿದ್ದ ಬಹಳ ಮಂದಿ ತಲೆಯಾಡಿಸಿದರು. ಅವರ ಮಾತು ತಪ್ಪೆಂದು ನನಗೆ ಅನ್ನಿಸಿತಾದರೂ ಏಕೆ ತಪ್ಪೆಂದು ಹೇಳಲು ನನಗೆ ಬರಲಿಲ್ಲ.

ಲೆಕ್ಕದ ಪ್ರಕಾರ ಅವರ ಮಾತು ಸರಿಯೇ? ಅರ್ಥಶಾಸ್ತ್ರದ ಪ್ರಕಾರವೂ ಸರಿಯೇ? ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಸಭೆ ಮುಗಿದ ಮೇಲೆ ಊರಿನ ಹಿರಿಯರೊಬ್ಬರು ನನ್ನನ್ನು ಕರೆದು, "ತಮ್ಮಾ, ಓದಿದ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ, ಓದದವರು ಗುಳೆ ಹೋಗುತ್ತಾರೆ, ಎರಡರಲ್ಲೂ ಊರಿಗೆ ಉಳಿದದ್ದೇನು?" ಎಂದು ಕೇಳಿದರು. ಈ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ 1: ನಿವೃತ್ತ ಲೆಕ್ಕಾಧಿಕಾರಿ

ಸದಸ್ಯರೇ, ಮೊದಲ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ಮೂವತ್ತು ವರ್ಷ ಇದೇ ಲೆಕ್ಕ ಬರೆದಿದ್ದೇನೆ. ಆ ಅಧಿಕಾರಿ ಹೇಳಿದ್ದು ಸರ್ಕಾರಿ ಲೆಕ್ಕಪದ್ಧತಿಯ ಪ್ರಕಾರ ಸರಿ. ಆದರೆ ಲೆಕ್ಕಪದ್ಧತಿಯ ಒಂದು ವಿಂಗಡಣೆಯನ್ನು ಅವರು ಅರ್ಥಶಾಸ್ತ್ರದ ಸತ್ಯವೆಂದು ಭಾವಿಸಿದ್ದಾರೆ.

ಸಂವಿಧಾನದ 202ನೇ ಅನುಚ್ಛೇದವು ರಾಜ್ಯದ ಆಯವ್ಯಯದಲ್ಲಿ ರಾಜಸ್ವ ಲೆಕ್ಕದ, ಅಂದರೆ ದಿನನಿತ್ಯದ, ವೆಚ್ಚವನ್ನು ಇತರ ವೆಚ್ಚದಿಂದ ಬೇರ್ಪಡಿಸಿ ತೋರಿಸಬೇಕೆಂದು ಹೇಳುತ್ತದೆ. ಆಯವ್ಯಯದ ಪುಸ್ತಕಗಳನ್ನು ತೆರೆದರೆ 2 ಅಥವಾ 3ರಿಂದ ಆರಂಭವಾಗುವ ಲೆಕ್ಕ ಶೀರ್ಷಿಕೆಗಳೆಲ್ಲ ರಾಜಸ್ವ ವೆಚ್ಚ, 4 ಅಥವಾ 5ರಿಂದ ಆರಂಭವಾಗುವವು ಬಂಡವಾಳ ವೆಚ್ಚ, ಅಂದರೆ ಆಸ್ತಿ ಮಾಡುವ ವೆಚ್ಚ. ಶಿಕ್ಷಕರ ಸಂಬಳ 2202ರಲ್ಲಿ ಬರುತ್ತದೆ, ಶಾಲಾ ಕೊಠಡಿ 4202ರಲ್ಲಿ. ಆಸ್ಪತ್ರೆಯ ಶುಶ್ರೂಷಕಿಯ ಸಂಬಳ ಮತ್ತು ಔಷಧ 2210ರಲ್ಲಿ, ಆಸ್ಪತ್ರೆಯ ಕಟ್ಟಡ 4210ರಲ್ಲಿ. ಪೊಲೀಸರ ಸಂಬಳ 2055, ಠಾಣೆಯ ಕಟ್ಟಡ 4055. ರಸ್ತೆಯ ವಿಷಯದಲ್ಲೂ ಹೀಗೆಯೇ: ಹೊಸ ರಸ್ತೆ 5054ರಲ್ಲಿ ಬಂಡವಾಳವಾಗುತ್ತದೆ, ಅದೇ ರಸ್ತೆಯ ಗುಂಡಿ ಮುಚ್ಚುವ ಹಣ 3054ರಲ್ಲಿ ರಾಜಸ್ವ ವೆಚ್ಚವಾಗುತ್ತದೆ. ಗುಂಡಿ ಮುಚ್ಚದಿದ್ದರೆ ರಸ್ತೆಯೇ ಹಾಳಾಗುತ್ತದೆ ಎಂಬುದನ್ನು ಶೀರ್ಷಿಕೆ ಕೇಳುವುದಿಲ್ಲ. ಇಷ್ಟೇ ಅಲ್ಲ, ರಾಜ್ಯವು ಪಂಚಾಯಿತಿಗೆ ಸಹಾಯಾನುದಾನ ಕೊಟ್ಟು ಪಂಚಾಯಿತಿಯು ಆ ಹಣದಲ್ಲಿ ಕಟ್ಟಡವನ್ನೇ ಕಟ್ಟಿದರೂ ರಾಜ್ಯದ ಪುಸ್ತಕದಲ್ಲಿ ಅದು ರಾಜಸ್ವ ವೆಚ್ಚವೇ, ಏಕೆಂದರೆ ಆಸ್ತಿ ರಾಜ್ಯದ ಹೆಸರಿನಲ್ಲಿಲ್ಲ. ವಿಂಗಡಣೆ ಎಷ್ಟರಮಟ್ಟಿಗೆ ಕೇವಲ ವಿಂಗಡಣೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಹಾಗೆಂದು ಈ ಪದ್ಧತಿ ಅರ್ಥಹೀನ ಎಂದು ನಾನು ಹೇಳಲಾರೆ. ಸಾಲ ತಂದು ಸಂಬಳ ಕೊಡುವ ಸರ್ಕಾರ ಬೇಗನೆ ಸಂಕಷ್ಟಕ್ಕೆ ಬೀಳುತ್ತದೆ. ಅದನ್ನು ತಡೆಯಲೆಂದೇ ಕರ್ನಾಟಕವು ದೇಶದ ಇತರ ರಾಜ್ಯಗಳಿಗಿಂತ ಮೊದಲು, 2002ರಲ್ಲಿ, ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು ತಂದಿತು. ರಾಜಸ್ವ ಕೊರತೆ ಇರಬಾರದು (ಅಂದರೆ ದಿನನಿತ್ಯದ ವೆಚ್ಚ ವರಮಾನವನ್ನು ಮೀರಬಾರದು), ವಿತ್ತೀಯ ಕೊರತೆ (ಅಂದರೆ ಸಾಲದಿಂದ ತುಂಬಬೇಕಾದ ಒಟ್ಟು ಅಂತರ) ರಾಜ್ಯದ ಆಂತರಿಕ ಉತ್ಪನ್ನದ ಶೇ. 3ನ್ನು ಮೀರಬಾರದು ಎಂಬುದು ಅದರ ತಿರುಳು. ಎಲ್ಲ ಸಂಬಳವನ್ನೂ ಹೂಡಿಕೆಯೆಂದು ಕರೆದುಬಿಟ್ಟರೆ ಈ ಮಿತಿಗೆ ಬೆಲೆಯೇ ಉಳಿಯುವುದಿಲ್ಲ.

ತೊಂದರೆಯಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕೊರತೆ ಮಿತಿ ದಾಟುವಂತಾದಾಗ ಹಣಕಾಸು ಇಲಾಖೆಯ ಕಣ್ಣು ಮೊದಲು ಬೀಳುವುದು ಖಾಲಿ ಹುದ್ದೆಗಳ ಮೇಲೆ. ಇರುವವರನ್ನು ತೆಗೆಯಲಾಗುವುದಿಲ್ಲ, ಆದರೆ ನೇಮಕವನ್ನು ಮುಂದೂಡಬಹುದು, ಅದನ್ನು ಯಾರೂ ಕಡಿತವೆಂದು ಕರೆಯುವುದಿಲ್ಲ. ಇನ್ನೊಂದು ಕಡೆಯಿಂದ, 2020-21ರಿಂದ ಕೇಂದ್ರವು ರಾಜ್ಯಗಳಿಗೆ 50 ವರ್ಷಗಳ ಬಡ್ಡಿರಹಿತ ಸಾಲ ನೀಡುತ್ತಿದೆ. ಅದು ಬಂಡವಾಳ ವೆಚ್ಚಕ್ಕೆ ಮಾತ್ರ. ನಿಮ್ಮ ಪಂಚಾಯಿತಿಗೆ 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಬಂದ ಅನಿರ್ಬಂಧಿತ ಅನುದಾನವನ್ನು ನೆನಪಿಸಿಕೊಳ್ಳಿ. ಹೆಸರು ಅನಿರ್ಬಂಧಿತ, ಆದರೂ ಸಂಬಳಕ್ಕೆ ಮತ್ತು ಆಡಳಿತ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಹೀಗೆ ಮೇಲಿನಿಂದ ಕೆಳಗಿನವರೆಗೆ ಹಣ ಕಟ್ಟಡದತ್ತಲೇ ಹರಿಯುವಂತೆ ಕಾಲುವೆ ತೋಡಲಾಗಿದೆ. ನಿಮ್ಮ ಊರಿನ ಬೀಗ ಹಾಕಿದ ಉಪಕೇಂದ್ರಕ್ಕೆ ಯಾರೋ ಒಬ್ಬರ ಅಲಕ್ಷ್ಯ ಮಾತ್ರ ಕಾರಣವಲ್ಲ.

ಉತ್ತರ 2: ಧಾರವಾಡದ ಅರ್ಥಶಾಸ್ತ್ರ ಅಧ್ಯಾಪಕಿ

ಲೆಕ್ಕಾಧಿಕಾರಿಗಳು ಬಹಳ ಸ್ಪಷ್ಟವಾಗಿ ವಿವರಿಸಿದ್ದಾರೆ. ಎರಡನೆಯ ಪ್ರಶ್ನೆಗೆ ನಾನು ಪ್ರಯತ್ನಿಸುತ್ತೇನೆ. ಸ್ವಲ್ಪ ದೀರ್ಘವಾದರೆ ಕ್ಷಮಿಸಬೇಕು, ಇದು ನಾನು ಪ್ರತಿ ವರ್ಷ ಪಾಠ ಮಾಡುವ ಮತ್ತು ಪ್ರತಿ ವರ್ಷವೂ ಬೇಸರಪಡುವ ವಿಷಯ.

ಇಂದು ಒಂದು ಸುಖವನ್ನು ಬಿಟ್ಟುಕೊಟ್ಟು ಮುಂದೆ ಬರುವ ಉತ್ಪನ್ನವನ್ನು ಹೆಚ್ಚಿಸುವ ಯಾವ ವೆಚ್ಚವೇ ಆಗಲಿ ಅರ್ಥಶಾಸ್ತ್ರದಲ್ಲಿ ಹೂಡಿಕೆ. ಅದರಿಂದ ಹುಟ್ಟಿದ್ದು ಕಣ್ಣಿಗೆ ಕಾಣುವ ಗೋಡೆಯಾಗಬೇಕೆಂಬ ನಿಯಮವಿಲ್ಲ. ಆಡಂ ಸ್ಮಿತ್ 1776ರಲ್ಲಿಯೇ ಒಂದು ದೇಶದ ಸ್ಥಿರ ಬಂಡವಾಳದ ಪಟ್ಟಿಯಲ್ಲಿ ಯಂತ್ರ, ಕಟ್ಟಡ, ಸುಧಾರಿತ ಭೂಮಿಯ ಜೊತೆಗೆ ಜನರು ಗಳಿಸಿಕೊಂಡ ಸಾಮರ್ಥ್ಯಗಳನ್ನೂ ಸೇರಿಸಿದ್ದ. ಅದನ್ನು ಮತ್ತೆ ಮುನ್ನೆಲೆಗೆ ತಂದವರು ಅಮೆರಿಕದ ಥಿಯೋಡರ್ ಶುಲ್ಜ್. 1960ರ ಕೊನೆಯಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷರಾಗಿ ಅವರು ಮಾಡಿದ ಭಾಷಣದ ವಿಷಯವೇ ಮಾನವ ಬಂಡವಾಳ. ಅದರಲ್ಲಿ ಅವರು ಐದು ಬಗೆಯ ಹೂಡಿಕೆಗಳನ್ನು ಹೆಸರಿಸಿದರು: ಆರೋಗ್ಯ, ಕೆಲಸದಲ್ಲಿದ್ದುಕೊಂಡೇ ಪಡೆಯುವ ತರಬೇತಿ, ಶಾಲಾ ಶಿಕ್ಷಣ, ಕೃಷಿ ವಿಸ್ತರಣೆಯಂಥ ವಯಸ್ಕರ ಕಲಿಕೆ, ಮತ್ತು ಉತ್ತಮ ಕೆಲಸಕ್ಕಾಗಿ ಊರು ಬಿಟ್ಟು ಹೋಗುವುದು. ಐದನೆಯದನ್ನು ನಿಮ್ಮ ಹಿರಿಯರ ಪ್ರಶ್ನೆಗಾಗಿ ನೆನಪಿನಲ್ಲಿಡಿ. ಶುಲ್ಜ್ ಅವರಿಗೆ 1979ರಲ್ಲಿ ನೊಬೆಲ್ ಬಂತು, ಇದೇ ವಿಷಯವನ್ನು ಬೆಳೆಸಿದ ಗ್ಯಾರಿ ಬೆಕರ್ ಅವರಿಗೆ 1992ರಲ್ಲಿ.

ಮನುಷ್ಯರನ್ನು ಬಂಡವಾಳವೆಂದು ಕರೆಯುವುದೇ ಕೆಲವರಿಗೆ ನೋವುಂಟುಮಾಡುತ್ತದೆ ಎಂಬುದನ್ನು ಶುಲ್ಜ್ ಅದೇ ಭಾಷಣದಲ್ಲಿ ಒಪ್ಪಿಕೊಂಡಿದ್ದರು. ನನಗೂ ಆ ಅಳುಕು ಇದೆ. ಕೂಲಿಯ ಲೆಕ್ಕದಲ್ಲಿ ಮಾತ್ರ ಪ್ರತಿಫಲ ಅಳೆದರೆ ಮನೆಯಲ್ಲಿ ದುಡಿಯುವ ಹೆಂಗಸಿನ, ವೃದ್ಧರ, ಅಂಗವಿಕಲರ ಆರೋಗ್ಯಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಅವರ ಚಿಕಿತ್ಸೆ ಅವರ ಹಕ್ಕು, ಆ ವಾದಕ್ಕೆ ಶೇಕಡಾವಾರು ಬೇಕಿಲ್ಲ. ಆದರೆ ಎದುರಿಗಿರುವವರು "ಮರಳಿ ಬರುವುದಿಲ್ಲ" ಎಂದು ಹೇಳಿದಾಗ, ಬರುತ್ತದೆ ಎಂದು ತೋರಿಸುವ ಪುರಾವೆ ನಮ್ಮ ಕೈಯಲ್ಲಿರಬೇಕು.

ಪುರಾವೆಗಳಲ್ಲಿ ಕೆಲವನ್ನು ಹೇಳುತ್ತೇನೆ. ಇಂಡೊನೇಷ್ಯಾ ಸರ್ಕಾರ 1973-74ರಿಂದ 1978-79ರ ನಡುವೆ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು, ಜೊತೆಗೆ ಶಿಕ್ಷಕರನ್ನೂ ನೇಮಿಸಿಕೊಂಡಿತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರತಿ ಸಾವಿರ ಮಕ್ಕಳಿಗೆ ಒಂದು ಶಾಲೆ ಹೆಚ್ಚಾದಲ್ಲಿ ಆ ಮಕ್ಕಳು ದೊಡ್ಡವರಾದಾಗ ಅವರ ಕೂಲಿ ಶೇ. 1.5ರಿಂದ 2.7ರಷ್ಟು ಹೆಚ್ಚಾಗಿತ್ತು. ಕೀನ್ಯಾದ ಬುಸಿಯಾ ಪ್ರದೇಶದಲ್ಲಿ 1998ರಿಂದ ಶಾಲಾ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟಾಗ ಗೈರುಹಾಜರಿ ನಾಲ್ಕನೇ ಒಂದು ಭಾಗದಷ್ಟು ಕಡಿಮೆಯಾಯಿತು. ಮಾತ್ರೆ ನುಂಗದ ನೆರೆಯ ಮಕ್ಕಳಿಗೂ ಸೋಂಕು ಇಳಿಯಿತು. ಇಪ್ಪತ್ತು ವರ್ಷಗಳ ನಂತರ ಅದೇ ಜನರನ್ನು ಹುಡುಕಿ ನೋಡಿದಾಗ, ಎರಡು ಮೂರು ವರ್ಷ ಹೆಚ್ಚುವರಿಯಾಗಿ ಮಾತ್ರೆ ಪಡೆದವರ ಗಂಟೆಗೂಲಿ ಶೇ. 13ರಷ್ಟು ಹೆಚ್ಚಿತ್ತು. ಆ ಮಾತ್ರೆಯ ಬೆಲೆ ಎಷ್ಟು ಅಲ್ಪವೆಂದು ವೈದ್ಯರಿಗೆ ಗೊತ್ತು. ಅದೂ ನಮ್ಮ ಲೆಕ್ಕದಲ್ಲಿ 2210, ಅಂದರೆ "ಖರ್ಚು".

ನಮ್ಮ ದೇಶದ ಬಿಸಿಯೂಟವನ್ನೇ ತೆಗೆದುಕೊಳ್ಳಿ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಬಾಲ್ಯದಲ್ಲಿ ಬಿಸಿಯೂಟ ಉಂಡ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ವಯಸ್ಸಿಗೆ ತಕ್ಕಂತೆ ಇರುವ ಸಾಧ್ಯತೆ ಹೆಚ್ಚು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಒಂದು ತಟ್ಟೆ ಅನ್ನ, ಸಾರು ಎರಡನೆಯ ತಲೆಮಾರಿನ ಮೂಳೆಯಲ್ಲಿ ಕಾಣಿಸಿಕೊಂಡಿದೆ. ಯಾವ ಸಿಮೆಂಟ್ ರಸ್ತೆ ಅಷ್ಟು ಕಾಲ ಬಾಳುತ್ತದೆ? ಕರ್ನಾಟಕದಲ್ಲಿ 2021ರ ಡಿಸೆಂಬರಿನಲ್ಲಿ ನಿಮ್ಮ ಕೊಪ್ಪಳವೂ ಸೇರಿದ ಕೆಲವೇ ಜಿಲ್ಲೆಗಳಲ್ಲಿ ಆರಂಭವಾದ ಮೊಟ್ಟೆ ವಿತರಣೆ ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು, 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರಕ್ಕೆ ಆರು ದಿನವಾಯಿತು. ಮೂರು ವರ್ಷಕ್ಕೆ ಆ ಪ್ರತಿಷ್ಠಾನದ ಪಾಲು ಸುಮಾರು 1,500 ಕೋಟಿ ರೂಪಾಯಿ. ಇದು ದಾನವೆಂದು ಪತ್ರಿಕೆಗಳು ಬರೆದವು, ನಾನಾದರೆ ಹೂಡಿಕೆಯ ಪುಟದಲ್ಲಿ ಅಚ್ಚು ಮಾಡುತ್ತಿದ್ದೆ.

ಹಾಗಾದರೆ ಸರ್ಕಾರಗಳು ಇದರಲ್ಲಿ ಏಕೆ ಹಿಂಜರಿಯುತ್ತವೆ? ಮುಖ್ಯ ಕಾರಣ ಕಾಲ. ಅಂಗನವಾಡಿಯ ಮಗು ದುಡಿಯಲು ಆರಂಭಿಸುವುದಕ್ಕೆ ಇಪ್ಪತ್ತು ವರ್ಷ ಬೇಕು. ಇಪ್ಪತ್ತು ವರ್ಷದ ನಂತರ ಸಿಗುವ 100 ರೂಪಾಯಿಯ ಇಂದಿನ ಬೆಲೆಯನ್ನು ಶೇ. 7ರ ದರದಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು 26 ರೂಪಾಯಿ ಮಾತ್ರ, ಶೇ. 3ರ ದರದಲ್ಲಾದರೆ 55 ರೂಪಾಯಿ. ಅಂದರೆ ಭವಿಷ್ಯವನ್ನು ನಾವು ಎಷ್ಟು ಅವಸರದಿಂದ ನೋಡುತ್ತೇವೆ ಎಂಬುದರ ಮೇಲೆಯೇ ಮಗುವಿನ ಮೇಲಿನ ಹೂಡಿಕೆ ಲಾಭವೋ ನಷ್ಟವೋ ಎಂಬುದು ನಿರ್ಧಾರವಾಗಿಬಿಡುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ಬಡ ಕುಟುಂಬಗಳ 123 ಮಕ್ಕಳನ್ನು ಒಳಗೊಂಡು ನಡೆದ ಪೆರಿ ಶಿಶುಶಾಲೆಯ ಪ್ರಯೋಗವನ್ನು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಆ ಮಕ್ಕಳಿಗೆ ನಲವತ್ತು ವರ್ಷವಾಗುವವರೆಗಿನ ಮಾಹಿತಿಯಿಂದ ಅಳೆದರು. ವಾರ್ಷಿಕ ಪ್ರತಿಫಲ ಶೇ. 7ರಿಂದ 10 ಎಂದು ಬಂತು. ಅದರಲ್ಲಿ ದೊಡ್ಡ ಪಾಲು ಹೆಚ್ಚಿನ ಸಂಬಳದ್ದಲ್ಲ, ಕಡಿಮೆಯಾದ ಅಪರಾಧದ್ದು. ಶಿಶುಶಾಲೆಯ ವೆಚ್ಚ ಸಾರ್ವಜನಿಕ ಸುರಕ್ಷತೆಯ ವೆಚ್ಚವೂ ಆಗಿತ್ತು. ಆದರೆ ಆ ಲಾಭ ಕಾಣಿಸಿಕೊಳ್ಳುವ ಹೊತ್ತಿಗೆ ಹಣ ಮಂಜೂರು ಮಾಡಿದವರು ಯಾರೂ ಅಧಿಕಾರದಲ್ಲಿ ಇರಲಿಲ್ಲ. ಐದು ವರ್ಷಕ್ಕೊಮ್ಮೆ ಮತ ಕೇಳಬೇಕಾದವರಿಗೆ ಉದ್ಘಾಟನೆಯ ಫಲಕ ಬೇಗ ಸಿಗುತ್ತದೆ.

ಉತ್ತರ 3: ಕರಾವಳಿಯ ಓದುಗ

ಮೇಡಂ ಅವರ ಮಾತನ್ನು ಗೌರವದಿಂದಲೇ ಪ್ರಶ್ನಿಸಬಯಸುತ್ತೇನೆ. ಹುದ್ದೆ ತುಂಬಿದ ಮಾತ್ರಕ್ಕೆ ಅದು ಹೂಡಿಕೆಯಾಗುತ್ತದೆಯೇ? 2003ರಲ್ಲಿ ಮುನ್ಸೂಚನೆಯಿಲ್ಲದೆ ದೇಶದಾದ್ಯಂತ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಭೇಟಿ ಕೊಟ್ಟಾಗ ನಾಲ್ವರು ಶಿಕ್ಷಕರಲ್ಲಿ ಒಬ್ಬರು ಶಾಲೆಯಲ್ಲಿರಲಿಲ್ಲ, ಆರೋಗ್ಯ ಕೇಂದ್ರಗಳಲ್ಲಿ ಗೈರುಹಾಜರಿ ಇನ್ನೂ ಹೆಚ್ಚಿತ್ತು. ಬಾರದ ಶಿಕ್ಷಕರ ಸಂಬಳಕ್ಕಿಂತ ಗೋಡೆ ಮೇಲು, ಅದು ಕನಿಷ್ಠ ಪಕ್ಷ ನಿಂತ ಜಾಗದಲ್ಲಿ ನಿಂತಿರುತ್ತದೆ. ನನ್ನ ತಾಯಿಯೂ ಸರ್ಕಾರಿ ಶಾಲೆಯ ಶಿಕ್ಷಕಿಯಾಗಿದ್ದರು, ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದರು. ಅಂಥವರ ಬಗ್ಗೆ ಗೌರವವಿರುವುದರಿಂದಲೇ ಈ ಮಾತನ್ನು ಹೇಳುತ್ತಿದ್ದೇನೆ. ಹಾಜರಿ ಮತ್ತು ಕಲಿಕೆಯನ್ನು ಅಳೆಯುವ ವ್ಯವಸ್ಥೆಯಿಲ್ಲದೆ ಸಂಬಳವನ್ನು ಹೂಡಿಕೆಯೆನ್ನುವುದು ಅವಸರದ ಮಾತಾಗುತ್ತದೆ.

ಉತ್ತರ 4: ತಾಲೂಕು ಆಸ್ಪತ್ರೆಯ ವೈದ್ಯೆ

ಕರಾವಳಿಯವರ ಆಕ್ಷೇಪಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಉತ್ತರವಿದೆ, ಅದು ಅವರ ಪರವಾಗಿಯೂ ಇದೆ, ವಿರುದ್ಧವಾಗಿಯೂ ಇದೆ. ಸುಮಾರು ಹದಿನೈದು ವರ್ಷಗಳ ಹಿಂದೆ ಕರ್ನಾಟಕದ ಐದು ಜಿಲ್ಲೆಗಳ 140 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಚ್ಚಿನ ಹಾಜರಿ ಯಂತ್ರವನ್ನು ಇರಿಸಿ, ಯಂತ್ರವಿಲ್ಲದ ಕೇಂದ್ರಗಳೊಂದಿಗೆ ಹೋಲಿಸಲಾಯಿತು. ವೈದ್ಯರ ಹಾಜರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ, ನನ್ನ ವೃತ್ತಿಯವರ ಬಗ್ಗೆ ಇದನ್ನು ಬರೆಯಲು ನನಗೆ ನೋವಾಗುತ್ತದೆ. ಆದರೆ ಶುಶ್ರೂಷಕಿಯರು, ಪ್ರಯೋಗಾಲಯ ತಂತ್ರಜ್ಞರು, ಔಷಧ ವಿತರಕರು ಹೆಚ್ಚು ದಿನ ಬಂದರು, ಆ ಪ್ರದೇಶದಲ್ಲಿ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳ ಜನನ ಗಮನಾರ್ಹವಾಗಿ ಇಳಿಯಿತು. ಅದೇ ಕಟ್ಟಡ, ಅದೇ ಔಷಧ. ಬದಲಾದದ್ದು ಮನುಷ್ಯರು ಬಾಗಿಲು ತೆರೆದು ಒಳಗೆ ಕುಳಿತದ್ದು ಮಾತ್ರ. ಮೇಲ್ವಿಚಾರಣೆ ಬೇಕೆಂಬ ತಮ್ಮ ಮಾತು ಸರಿ. ಆದರೆ ಮೇಲ್ವಿಚಾರಣೆಯಿಂದ ಫಲ ಸಿಗುವುದು ಮೊದಲು ಹುದ್ದೆಯಲ್ಲಿ ಒಬ್ಬರು ಇದ್ದರೆ ತಾನೆ.

ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಒಳ್ಳೆಯ ಶಸ್ತ್ರಚಿಕಿತ್ಸಾ ಕೊಠಡಿಯಿದೆ, ದೀಪ, ಮೇಜು, ಯಂತ್ರ ಎಲ್ಲವೂ ಇವೆ. ಅರಿವಳಿಕೆ ತಜ್ಞರ ಹುದ್ದೆ ಖಾಲಿಯಿದ್ದ ತಿಂಗಳುಗಳಲ್ಲಿ ಸಿಸೇರಿಯನ್ ಅಗತ್ಯವಿದ್ದ ಬಸುರಿಯರನ್ನು ಅದೇ ಕೊಠಡಿಯ ಮುಂದಿನಿಂದ ಆಂಬುಲೆನ್ಸ್‌ಗೆ ಹತ್ತಿಸಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದ್ದೇನೆ. ಕೋಟಿಗಟ್ಟಲೆ ಬೆಲೆಯ ಆಸ್ತಿಯೊಂದು ಒಬ್ಬರ ಸಂಬಳವಿಲ್ಲದ ಕಾರಣಕ್ಕೆ ನಿರುಪಯುಕ್ತವಾಗಿ ನಿಂತಿತ್ತು. ಗ್ರಾಮಸಭೆಯ ಅಧಿಕಾರಿಗೆ ಕೇಳಬೇಕಾದ ಪ್ರಶ್ನೆ ಇದು: ಐವತ್ತು ವರ್ಷ ನಿಲ್ಲುವ ಕಟ್ಟಡ ಎಷ್ಟು ದಿನ ತೆರೆದಿರುತ್ತದೆ?

ಆರೋಗ್ಯದ ವೆಚ್ಚಕ್ಕೆ ಇನ್ನೊಂದು ಮುಖವಿದೆ. ಬಡ ಮನೆಯಲ್ಲಿ ದುಡಿಯುವವರು ಹೃದಯದ ಕಾಯಿಲೆಗೋ ಕ್ಯಾನ್ಸರಿಗೋ ತುತ್ತಾದರೆ ಮೊದಲು ಎಮ್ಮೆ, ಆಮೇಲೆ ಒಡವೆ, ಕೊನೆಗೆ ಹೊಲ ಹೋಗುತ್ತದೆ. ಮಗಳ ಓದು ಅಷ್ಟರೊಳಗೆ ನಿಂತಿರುತ್ತದೆ. 2010ರ ಫೆಬ್ರವರಿಯಲ್ಲಿ ಉತ್ತರ ಕರ್ನಾಟಕದಲ್ಲಿ, ಬಡ ಕುಟುಂಬಗಳ ಇಂಥ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಗೆ ಬಂದು, ದಕ್ಷಿಣಕ್ಕೆ ಇನ್ನೂ ಬಂದಿರದ ಅವಧಿಯಲ್ಲಿ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿ ನೋಡಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ ಆ ಯೋಜನೆಯಿಂದ ಚಿಕಿತ್ಸೆ ಸಾಧ್ಯವಿದ್ದ ಕಾಯಿಲೆಗಳ ಸಾವಿನ ಪ್ರಮಾಣ ಯೋಜನೆಯಿದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90 ಇತ್ತು. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಎರಡೂ ಬದಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ದೇಶದ ಮಟ್ಟದಲ್ಲಿ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಕೈಯಿಂದ ತೆರುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ಇಳಿದದ್ದು ಸಂತೋಷ, ಆದರೆ ಹತ್ತರಲ್ಲಿ ನಾಲ್ಕು ರೂಪಾಯಿ ಇನ್ನೂ ಜನರ ಜೇಬಿನಿಂದಲೇ ಹೋಗುತ್ತಿದೆ.

ಸುರಕ್ಷತೆಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿಯಿರುವುದು ರಸ್ತೆ ಅಪಘಾತದ ಬಗ್ಗೆ, ಏಕೆಂದರೆ ರಾತ್ರಿ ಪಾಳಿಯಲ್ಲಿ ನನ್ನ ಮುಂದೆ ಬರುವವರಲ್ಲಿ ಹೆಚ್ಚಿನವರು ಇಪ್ಪತ್ತರಿಂದ ನಲವತ್ತರ ವಯಸ್ಸಿನ ಗಂಡಸರು. 2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ, ಅವರಲ್ಲಿ ಮೂರನೇ ಎರಡು ಭಾಗದಷ್ಟು ಜನ 18ರಿಂದ 45ರ ವಯಸ್ಸಿನವರು. ಸಮಾಜ ಇಪ್ಪತ್ತು ವರ್ಷ ಊಟ, ಲಸಿಕೆ, ಪಾಠ ಎಂದು ಹೂಡಿದ್ದೆಲ್ಲ ಫಲ ಕೊಡಲು ಆರಂಭಿಸುವ ವಯಸ್ಸಿನಲ್ಲಿಯೇ ರಸ್ತೆಯ ಮೇಲೆ ಹೋಗಿಬಿಡುತ್ತದೆ. ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಅಪಾಯ ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯ ಶೇ. 69ರಷ್ಟು ಕಡಿಮೆಯೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದಿದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ, ಆದರೆ ತಾಲೂಕು ಕೇಂದ್ರ ದಾಟಿದರೆ ಹಿಂದೆ ಕುಳಿತವರ ತಲೆಯ ಮೇಲೆ ಅದನ್ನು ನಾನು ಕಂಡದ್ದು ಅಪರೂಪ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನೆನಪಿಸಿಕೊಳ್ಳಿ. ಸುಮಾರು 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ, 2023ರ ಮಾರ್ಚ್ 12ರಂದು ಲೋಕಾರ್ಪಣೆ. ಕೆಲವೇ ತಿಂಗಳಲ್ಲಿ ಅದು ಸಾವಿನ ಸುದ್ದಿಯಾಯಿತು. ಆಮೇಲೆ ವೇಗ ಅಳೆಯುವ ಸಾಧನಗಳು ಮತ್ತು ಕ್ಯಾಮೆರಾಗಳು ಬಂದವು, ಪೊಲೀಸರ ನಿಗಾ ಹೆಚ್ಚಿತು, ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಂತಿತು. ಸಾವುಗಳು ಸ್ಪಷ್ಟವಾಗಿ ಇಳಿದವು. ರಸ್ತೆಗೆ ಸುರಿದ ಹಣದ ಮುಂದೆ ಈ ಕ್ರಮಗಳ ವೆಚ್ಚ ಅತ್ಯಲ್ಪ, ಅದರಲ್ಲಿ ಪೊಲೀಸರ ಪಾಲೆಲ್ಲ ಲೆಕ್ಕಾಧಿಕಾರಿಗಳು ಹೇಳಿದ 2055ರ ಕೆಳಗೆ ಬರುವ ಸಂಬಳ.

ಮತ್ತೆ ಪ್ರಶ್ನೆ ಕೇಳಿದವರು: ಕೊಪ್ಪಳದ ಪಂಚಾಯಿತಿ ಸದಸ್ಯ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಆಸ್ಪತ್ರೆಯ ಮೇಡಂ ಹೇಳಿದ ಪ್ರಶ್ನೆಯನ್ನು ಬರೆದಿಟ್ಟುಕೊಂಡಿದ್ದೇನೆ. ಹಿರಿಯರ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ನಮ್ಮ ಊರಿನಲ್ಲಿ ಬೆಳೆದ ಮಗುವಿನ ದುಡಿಮೆಯ ಫಲ ಬೆಂಗಳೂರಿಗೆ ಹೋಗುವುದಾದರೆ ಊರಿನವರು ಈ ಹೂಡಿಕೆಗೆ ಏಕೆ ಒಪ್ಪಬೇಕು? ಇನ್ನು, ಒಬ್ಬ ಸದಸ್ಯನಾಗಿ ನಾನು ಮಾಡಬಹುದಾದ ಕೆಲಸವೇನಾದರೂ ಇದೆಯೇ?

ಉತ್ತರ 5: ಧಾರವಾಡದ ಅರ್ಥಶಾಸ್ತ್ರ ಅಧ್ಯಾಪಕಿ

ಹಿರಿಯರ ಪ್ರಶ್ನೆ ಅರ್ಥಶಾಸ್ತ್ರದ ದೃಷ್ಟಿಯಿಂದ ಬಹಳ ಗಟ್ಟಿಯಾದದ್ದು. ಹೂಡಿಕೆ ಒಂದು ಕಡೆ, ಫಲ ಇನ್ನೊಂದು ಕಡೆ ಎಂದಾದಾಗ ಹೂಡಬೇಕಾದವರು ಕಡಿಮೆ ಹೂಡುತ್ತಾರೆ. ಅದಕ್ಕೇ ಶಾಲೆ ಮತ್ತು ಆರೋಗ್ಯದ ಭಾರವನ್ನು ಊರಿನ ಮೇಲೆ ಬಿಡದೆ ರಾಜ್ಯ ಮತ್ತು ದೇಶ ಹೊರಬೇಕೆನ್ನುವುದು. ನಿಮ್ಮ ಊರಿನ ಹುಡುಗಿ ಬೆಂಗಳೂರಿನಲ್ಲಿ ದುಡಿದು ಖರ್ಚು ಮಾಡಿದಾಗ ಬರುವ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ, ಆದ್ದರಿಂದ ಅವಳನ್ನು ಬೆಳೆಸುವ ವೆಚ್ಚವನ್ನು ಕೊಪ್ಪಳಕ್ಕೆ ಕೊಡಬೇಕಾದುದು ರಾಜ್ಯದ ದಾಕ್ಷಿಣ್ಯದಿಂದಲ್ಲ, ಲೆಕ್ಕದಿಂದ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅಂದಿನ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವೆಂದೂ ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿದಾಗ, ಸಂವಿಧಾನದ 371ಜೆ ಅನುಚ್ಛೇದದ ಮೂಲಕ ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿ ಬಂದಾಗ, ಹಿಂದಿದ್ದ ನ್ಯಾಯವೂ ಇದೇ. ಆ ಹಣದಲ್ಲಿ ಎಷ್ಟು ಸಿಮೆಂಟಿಗೆ ಹೋಯಿತು, ಎಷ್ಟು ಮಕ್ಕಳಿಗೆ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ.

ಗುಳೆಗೂ ಶುಲ್ಜ್ ಹೇಳಿದ ಐದನೆಯ ಹೂಡಿಕೆಗೂ ಇರುವ ಅಂತರವನ್ನು ಹಿರಿಯರಿಗೆ ಹೀಗೆ ಹೇಳಬಹುದು. ಇಟ್ಟಿಗೆ ಗೂಡಿಗೆ ಮುಂಗಡ ಪಡೆದು ಹೋಗುವ ಕುಟುಂಬ ಮಕ್ಕಳನ್ನೂ ಕರೆದುಕೊಂಡು ಹೋಗುತ್ತದೆ, ಮಗುವಿನ ಶಾಲೆ ಅಲ್ಲಿಗೆ ನಿಲ್ಲುತ್ತದೆ, ಮುಂದಿನ ವರ್ಷ ಮತ್ತೆ ಅದೇ ಗೂಡು. ಓದಿ ಹೋದ ಹುಡುಗಿ ತಿಂಗಳಿಗಿಷ್ಟು ಮನೆಗೆ ಕಳುಹಿಸುತ್ತಾಳೆ, ತಮ್ಮನ ಶುಲ್ಕ ಕಟ್ಟುತ್ತಾಳೆ, ಅಪ್ಪನ ಸಾಲ ತೀರಿಸುತ್ತಾಳೆ. ಇಬ್ಬರೂ ಊರು ಬಿಟ್ಟವರೇ, ಆದರೆ ಒಬ್ಬರು ಬೇರೆ ದಾರಿಯಿಲ್ಲದೆ ಬಿಟ್ಟವರು.

ಉತ್ತರ 6: ನಿವೃತ್ತ ಲೆಕ್ಕಾಧಿಕಾರಿ

ಸದಸ್ಯರೇ, ತಾವು ಮಾಡಬಹುದಾದ ಕೆಲಸವನ್ನು ಹೇಳುತ್ತೇನೆ. ಠರಾವಿನಲ್ಲಿ "ಸಿಬ್ಬಂದಿ ಕೊಡಿ" ಎಂದಷ್ಟೇ ಬರೆದರೆ ಅದು ಕಡತ ಸೇರುತ್ತದೆ. ಉಪಕೇಂದ್ರಕ್ಕೆ ಮಂಜೂರಾದ ಹುದ್ದೆ ಎಷ್ಟು, ಯಾವ ದಿನಾಂಕದಿಂದ ಖಾಲಿ, ಕಳೆದ ಹನ್ನೆರಡು ತಿಂಗಳಲ್ಲಿ ಕಟ್ಟಡ ಎಷ್ಟು ದಿನ ತೆರೆದಿತ್ತು, ಆ ಅವಧಿಯಲ್ಲಿ ಎಷ್ಟು ಬಸುರಿಯರು ತಪಾಸಣೆಗೆ ಬೇರೆ ಊರಿಗೆ ಹೋದರು, ಅವರು ಬಸ್ಸಿಗೂ ಆಟೋಕ್ಕೂ ಎಷ್ಟು ತೆತ್ತರು ಎಂಬುದನ್ನು ಆಶಾ ಕಾರ್ಯಕರ್ತೆಯರ ಸಹಾಯದಿಂದ ಬರೆದು ಲಗತ್ತಿಸಿ. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ಸರ್ಕಾರದ್ದೇ ಮಾನದಂಡ. ತಮ್ಮ ಜನಸಂಖ್ಯೆಯನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಠರಾವಿನ ಒಂದೊಂದು ಪ್ರತಿಯನ್ನು ತಾಲೂಕು ಆರೋಗ್ಯಾಧಿಕಾರಿಗಳಿಗೂ ಜಿಲ್ಲಾ ಪಂಚಾಯಿತಿಗೂ ಕಳುಹಿಸಿ ಸ್ವೀಕೃತಿ ಪಡೆಯಿರಿ. ಅಂಕಿಗಳಿರುವ ಅರ್ಜಿಗೆ ಅಂಕಿಗಳಲ್ಲಿಯೇ ಉತ್ತರಿಸಬೇಕಾಗುತ್ತದೆ ಎಂಬುದು ನನ್ನ ಅನುಭವ.

ಅಷ್ಟರವರೆಗೆ ಪಂಚಾಯಿತಿಯ ಸ್ವಂತ ವರಮಾನ, ಅಂದರೆ ಮನೆ ಕಂದಾಯ ಮತ್ತು ಮಳಿಗೆಗಳ ಬಾಡಿಗೆ, ಎಷ್ಟು ವಸೂಲಾಗಿದೆಯೆಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ ನೋಡಿ. ಅನುದಾನದ ಷರತ್ತುಗಳು ಆ ಹಣಕ್ಕೆ ಅನ್ವಯಿಸುವುದಿಲ್ಲ. ಶಾಲೆ ತೆರೆದ ದಿನದಿಂದ ಅತಿಥಿ ಶಿಕ್ಷಕರು ಬರುವವರೆಗಿನ ವಾರಗಳಲ್ಲಿ ಊರಿನ ಪದವೀಧರ ಹೆಣ್ಣುಮಗಳೊಬ್ಬಳಿಗೆ ಗೌರವಧನ ಕೊಟ್ಟು ಪಾಠ ಮಾಡಿಸಲು ಸಾಧ್ಯವೇ ಎಂಬುದನ್ನು ಶಾಲಾಭಿವೃದ್ಧಿ ಸಮಿತಿಯೊಂದಿಗೆ ಕುಳಿತು ಚರ್ಚಿಸಿ, ನಿಯಮದ ತೊಡಕು ಬಂದರೆ ಇಲ್ಲಿ ಬರೆಯಿರಿ, ನೋಡೋಣ.

ಕೊಪ್ಪಳದ ಪಂಚಾಯಿತಿ ಸದಸ್ಯ

ಸರ್, ನಮ್ಮ ಆಶಾ ಕಾರ್ಯಕರ್ತೆಯೊಂದಿಗೆ ನಿನ್ನೆ ಸಂಜೆ ಕುಳಿತಿದ್ದೆ. ಅವರ ದಾಖಲೆ ಪುಸ್ತಕದಲ್ಲಿ ಪ್ರತಿ ಬಸುರಿಯ ಹೆಸರು, ತಿಂಗಳು, ಯಾವ ಊರಿಗೆ ತಪಾಸಣೆಗೆ ಹೋದರು ಎಂಬುದೆಲ್ಲ ಆಗಲೇ ಇದೆ. ಇದುವರೆಗೆ ಆ ಪುಸ್ತಕವನ್ನು ತೆರೆಯಿರಿ ಎಂದು ಪಂಚಾಯಿತಿಯಿಂದ ಯಾರೂ ಕೇಳಿರಲಿಲ್ಲವಂತೆ. ಬಸ್ಸಿನ ಖರ್ಚನ್ನು ಮನೆಮನೆಗೆ ಹೋಗಿ ಕೇಳುತ್ತಿದ್ದೇವೆ. ಮುಂದಿನ ಸಭೆಗೆ ಹಿರಿಯರನ್ನೂ ಕರೆದಿದ್ದೇನೆ, ಠರಾವನ್ನು ತಾವೇ ಓದುವುದಾಗಿ ಅವರು ಹೇಳಿದ್ದಾರೆ.